ಮುಳುಗಡೆಗೆ ಮುಂಚೆ ಹೊಲದ ಸಮಾಧಿಗಳನ್ನು ಬರೆದಿಡಬೇಕು, ಹೇಗೆ ಶುರು ಮಾಡಲಿ?

ಎರಿಹೊಲ

ಬೀಳಗಿ ತಾಲೂಕಿನಲ್ಲಿ ನಮ್ಮ ಮನೆತನದ ಎರಿ ಹೊಲವೊಂದಿದೆ. ಅದರ ಮೂಡಣ ಬದುವಿಗೆ ಹತ್ತಿದ ಎರಡು-ಮೂರು ಗುಂಟೆಗೆ ಯಾರೂ ಎಂದೂ ಕುಂಟೆ ಹೊಡೆದಿಲ್ಲ. ನಮ್ಮ ಹಿರಿಯರನ್ನೆಲ್ಲ ಮಣ್ಣು ಮಾಡಿದ್ದು ಅಲ್ಲೇ. ಕೆಲವಕ್ಕೆ ಕಟ್ಟೆ ಕಟ್ಟಿ ಲಿಂಗ, ನಂದಿ ಕೂರಿಸಿದ್ದಾರೆ. ನಾಲ್ಕೈದು ಕಲ್ಲುಗಳ ಮೇಲೆ ಅಕ್ಷರ ಇದೆ. ಉಳಿದವು ಬರೀ ಕಲ್ಲಿನ ಗುಂಪಿ. ಮೂವತ್ತರ ಮೇಲೇ ಇರಬೇಕು. ಬಳ್ಳಾರಿ ಜಾಲಿ ಬೆಳೆದು ಎಣಿಸುವುದಕ್ಕೂ ಬಿಡುತ್ತಿಲ್ಲ.

ಆಲಮಟ್ಟಿಯಲ್ಲಿ ಈಗ ನೀರು ನಿಲ್ಲಿಸುತ್ತಿರುವುದು 519.60 ಮೀಟರಿನವರೆಗೆ. ಎರಡನೇ ಕೃಷ್ಣಾ ನ್ಯಾಯಾಧಿಕರಣ 2010ರ ಡಿಸೆಂಬರಿನಲ್ಲಿ 524.256 ಮೀಟರಿಗೆ ಒಪ್ಪಿಗೆ ಕೊಟ್ಟಾಗಿನಿಂದ ನಮ್ಮದು ‘ಹೋಗೋ ಹೊಲ’. ಯಾವಾಗ ಹೋಗುತ್ತದೆ ಎಂದು ಹೇಳುವವರಿಲ್ಲ, ಹೋಗುತ್ತದೆ ಎಂಬುದರಲ್ಲಿ ಮಾತ್ರ ಯಾರಿಗೂ ಅನುಮಾನವಿಲ್ಲ.

ಯಾರ ಸಮಾಧಿ ಯಾವುದು ಎಂದು ಕೈಮಾಡಿ ತೋರಿಸಬಲ್ಲವರು ಈಗ ನಮ್ಮ ದೊಡ್ಡಪ್ಪ ಒಬ್ಬರೇ. ಎಂಬತ್ತು ದಾಟಿದೆ. ನಾನಿರುವುದು ಪುಣೆಯಲ್ಲಿ. ಅಳತೆ ಹೇಗೆ ತೆಗೆಯಬೇಕು, ಕಲ್ಲು ಓದುವುದು ಹೇಗೆ, ಹೆಸರು ಕೂಡಿಸುವುದು ಹೇಗೆ, ಮಾಡಿ ಗೊತ್ತಿದ್ದವರು ಹೇಳಿ. ಫೋನಿನಲ್ಲಿ ಒಂದೊಂದರ ಫೋಟೋ ತೆಗೆದು ಲೊಕೇಶನ್ ಹಾಕಿದರೆ ಸಾಕಲ್ಲ ಎಂದು ಮನೆಯ ಹುಡುಗರು ಹೇಳುತ್ತಿದ್ದಾರೆ.

ಸರಪಳಿ ಮಾಸ್ತರ

ಸಾಕಾಗಂಗಿಲ್ಲರಿ. ಸರ್ವೆ ಇಲಾಖೆದಾಗ ನೌಕರಿ ಮುಗಿಸಿದಾಂವ ನಾನು. ನಿಮ್ಮ ಫೋನಿನ ಜಿಪಿಎಸ್ ಬಯಲಾಗ ನಿಂತ್ರೂ ನಾಕೈದು ಮೀಟರ್ ಆಚೀಚೆ ತೋರಸ್ತೈತಿ. ನಿಮ್ಮ ಗದ್ದಿಗಿ ಒಂದಕ್ಕೊಂದು ನಾಕ ಫೂಟ್ ದೂರ ಇರ್ತಾವ. ಅಂದ್ರ ಮುತ್ಯಾನ ಗುರ್ತು ಹೋಗಿ ಕಾಕಾನ ಮ್ಯಾಲೆ ಕೂಡತೈತಿ. ಎಲ್ಲಾರೂ ಒಂದ ಜಾಗಾದಾಗ ಗುಡ್ಡಿ ಬಿದ್ದಂಗ ಕಾಣತೈತಿ ನಕಾಶಿದಾಗ.

ಹಳೇ ಪದ್ಧತಿನ ಚಲೋ. ಹೊಲದಾಗ ಕದಲದ ಎರಡು ಗುರ್ತು ಹಿಡೀರಿ. ಬಾಂದಗಲ್ಲು ಒಂದು, ಬಾವಿ ಮೂಲಿ ಒಂದು ಅನ್ಕೋರಿ. ಅವೆರಡರ ನಡುವ ಹಗ್ಗ ಬಿಗದು ಅದನ್ನ ಗೆರಿ ಅಂತ ಇಟ್ಕೋರಿ. ಗೆರಿ ಮ್ಯಾಲೆ ಎಷ್ಟು ದೂರ, ಗೆರಿಯಿಂದ ಕಾಟಕೋನಕ್ಕ (90 ಡಿಗ್ರಿಗೆ) ಎಷ್ಟು ದೂರ, ಇವೆರಡ ಅಂಕಿ ಒಂದೊಂದು ಗದ್ದಿಗಿಗೆ ಬರ್ಕೊಂಡ್ರ ಮುಗೀತು. ಒಂದು ಗುಂಟೆ ಅಂದ್ರ 33 ಫೂಟ್ ಉದ್ದ, 33 ಫೂಟ್ ಅಗಲ, ನಮ್ಮ ಸರಪಳಿ ಅಳತೀನ ಅದು. ಎರಡು-ಮೂರು ಗುಂಟೆ ಅಂದ್ರ ಒಂದು ಮುಂಜಾನಿ ಕೆಲಸ. ಜಾಲಿ ಕಡಿಯೂದಕ್ಕ ಅದಕ್ಕಿಂತ ಹೆಚ್ಚು ಹೊತ್ತು ಹಿಡೀತೈತಿ. ಕಡೀರಿ, ಬೊಡ್ಡಿ ಮಾತ್ರ ಕೀಳಬ್ಯಾಡ್ರಿ. ಬೇರು ಕಲ್ಲಿನ ಕೆಳಗ ಹೋಗಿರ್ತಾವ, ಜೆಸಿಬಿ ತಂದು ಜಗ್ಗಿದ್ರ ಕಲ್ಲೂ ಬರ್ತೈತಿ.

ನಿಮ್ಮದು ಮುಳುಗೂ ಹೊಲ, ಅದಕ್ಕ ಇನ್ನೊಂದು ಮಾತು. ಬಾವಿನೂ ಮುಳುಗತೈತಿ, ಬಾಂದಗಲ್ಲೂ ಮುಳುಗತೈತಿ. ಆ ಎರಡು ಗುರ್ತಿಗೆ ಮಾತ್ರ ಸರ್ವೆದವ್ರ ಉಪಗ್ರಹ ಅಳತಿ ಯಂತ್ರ ರೋವರ್‌ನಿಂದ ಅಕ್ಷಾಂಶ, ರೇಖಾಂಶ ತಗಸ್ರಿ. ಅದು ಸೆಂಟಿಮೀಟರ್ ಲೆಕ್ಕದಾಗ ಬರ್ತೈತಿ. ಉಳಿದದ್ದೆಲ್ಲ ಟೇಪಿನ ಮ್ಯಾಲೆ ಆಗಲಿ.

ತೋಟದ್ಮನೆ

ಹಾಸನದ ಕಡೆಯವನು. ನಮ್ಮಲ್ಲೂ ತೋಟದ ಮೂಲೆಯಲ್ಲೇ ಹೂಳೋದು. ನಿಮಗೆ ಅಣೆಕಟ್ಟು, ನಮಗೆ ಸೈಟು. ಪಕ್ಕದ ಊರಿನಲ್ಲಿ ಅಣ್ಣತಮ್ಮಂದಿರು ಜಮೀನು ಮಾರಿದಾಗ ಸಮಾಧಿ ಜಾಗವನ್ನು ಕ್ರಯಪತ್ರದಲ್ಲಿ ಬಿಟ್ಟು ಬರೆಸಲಿಲ್ಲ. ಕೊಂಡವರು ಬಾಯಲ್ಲಿ ‘ಬಿಡ್ತೀವಿ’ ಅಂದರು, ಅವರಿಂದ ಕೊಂಡವರು ಆ ಮಾತು ಕೇಳಿರಲಿಲ್ಲ. ಈಗ ಹಾಲು-ತುಪ್ಪ ಬಿಡೋಕೆ ಹೋದರೆ ಕಾಂಪೌಂಡು. ಮಾರೋ ಯೋಚನೆ ಇರೋರು ಚಕ್ಕುಬಂದಿ ಬರೆಸುವಾಗಲೇ ‘ಸಮಾಧಿ ಇರುವ ಇಷ್ಟು ಗುಂಟೆ ಮತ್ತು ಅಲ್ಲಿಗೆ ಹೋಗುವ ದಾರಿ ಬಿಟ್ಟು’ ಅಂತ ಸೇರಿಸಿಬಿಡಿ ಕಣ್ರೀ. ದಾರಿ ಮರೆಯಬೇಡಿ. ಜಾಗ ಉಳಿಸಿಕೊಂಡು ದಾರಿ ಕಳಕೊಂಡವರೂ ಇದ್ದಾರೆ.

ಎರಿಹೊಲ ಅವರೇ, ದೊಡ್ಡಪ್ಪನವರ ಮಾತನ್ನ ಮೊದಲು ರೆಕಾರ್ಡ್ ಮಾಡಿ. ಅಳತೆ ಮುಂದಿನ ತಿಂಗಳೂ ಆಗುತ್ತೆ.

ಶಾಸನದ ಹುಚ್ಚು

ಮೇಲಿನವರ ಕೊನೆಯ ಸಾಲಿಗೆ ನನ್ನದೂ ಸಹಿ. ಆದರೆ ದೊಡ್ಡಪ್ಪ ಹೇಳಿದ್ದನ್ನೂ ಕಲ್ಲು ಹೇಳಿದ್ದನ್ನೂ ಒಂದೇ ಕಾಲಮ್ಮಿನಲ್ಲಿ ಬರೆಯಬೇಡಿ. ನಾನು ನೋಡಿದ ಮನೆತನದ ಪಟ್ಟಿಗಳೆಲ್ಲ ಹಾಳಾಗಿರುವುದು ಇಲ್ಲಿಯೇ. ಕಲ್ಲಿನ ಮೇಲೆ ‘...ಪ್ಪ’ ಅಂತ ಕೊನೆಯ ಅಕ್ಷರ ಮಾತ್ರ ಉಳಿದಿರುತ್ತದೆ. ಮನೆಯವರು ‘ಇದು ಇಂಥವರದು’ ಎನ್ನುತ್ತಾರೆ. ಬರೆದುಕೊಂಡವರು ಪೂರ್ತಿ ಹೆಸರು ಹಾಕಿ, ಕಲ್ಲಿನಲ್ಲೇ ಇತ್ತು ಎಂಬಂತೆ ಮಾಡುತ್ತಾರೆ. ಮುಂದಿನ ತಲೆಮಾರಿಗೆ ಅದೇ ಸಾಕ್ಷಿ. ಕಲ್ಲಿನಲ್ಲಿ ಕಂಡದ್ದು ಒಂದು ಕಡೆ, ಯಾರು ಯಾವತ್ತು ಏನು ಹೇಳಿದರು ಎನ್ನುವುದು ಇನ್ನೊಂದು ಕಡೆ, ನಿಮ್ಮ ಊಹೆ ಮೂರನೆಯ ಕಡೆ ಇರಲಿ. ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ’ ಅಂತಲೇ ಬರೆಯಿರಿ. ಖಾಲಿ ಬಿಟ್ಟರೆ ಯಾರೋ ತುಂಬಿಸುತ್ತಾರೆ.

ಭಾರತದಲ್ಲಿರುವ ಯುರೋಪಿಯನ್ನರ ಸಮಾಧಿಗಳನ್ನು ಪಟ್ಟಿ ಮಾಡಲು 1976ರಲ್ಲಿ ಲಂಡನ್ನಿನಲ್ಲಿ ಬಾಕ್ಸಾ ಎಂಬ ಸಂಘ ಹುಟ್ಟಿತು. ನಮ್ಮ ಊರಗೌಡರ, ಒಕ್ಕಲಿಗರ, ಅಕ್ಕಸಾಲಿಗರ ಸಮಾಧಿಗಳಿಗೆ ಅಂಥದ್ದೇನೂ ಹುಟ್ಟಲಿಲ್ಲ. 1886ರಲ್ಲಿ ರೈಸ್ ಸಾಹೇಬರು ಕೊಡಗಿನ ಶಾಸನಗಳಿಂದ ಆರಂಭಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ವೀರಗಲ್ಲು, ಮಾಸ್ತಿಗಲ್ಲು ಸಿಗುತ್ತವೆ. ನೂರು ವರ್ಷದ ಹಿಂದಿನ ರೈತನ ಸಮಾಧಿಗಲ್ಲು ಯಾವ ಸಂಪುಟಕ್ಕೂ ಬಾರದು. ನಿಮ್ಮದನ್ನು ನೀವೇ ಬರೆದುಕೊಳ್ಳಬೇಕು.

ಕಲ್ಲು ಓದುವ ಬಗ್ಗೆ: ಮುಟ್ಟುವ ಮೊದಲು ಫೋಟೋ. ತಂತಿ ಬ್ರಷ್, ಆಸಿಡ್, ಸೀಮೆಸುಣ್ಣ ಮೂರೂ ಬೇಡ. ನಿಮ್ಮ ಕಡೆ ಬಾದಾಮಿಯ ಕೆಂಪು ಮರಳುಗಲ್ಲು ಇದ್ದರೆ ಅದು ಪದರ ಪದರವಾಗಿ ಏಳುತ್ತದೆ. ಉಜ್ಜಿದರೆ ಅಕ್ಷರವೇ ಕೈಗೆ ಬರುತ್ತದೆ. ಅಂಥ ಕಲ್ಲಿಗೆ ಸುಣ್ಣ ಮೆತ್ತಿದ್ದರೂ ಹಾಗೇ ಬಿಡಿ. ಗಟ್ಟಿ ಕಲ್ಲಾದರೆ ಬರೀ ನೀರು, ಮೆತ್ತನೆ ಬ್ರಷ್, ಬಿದಿರಿನ ಕಡ್ಡಿ. ಓದಲು ಬೇಕಾದ್ದು ಓರೆ ಬೆಳಕು. ನಡುಹಗಲಿನಲ್ಲಿ ಏನೂ ಕಾಣದ ಕಲ್ಲು ಬೆಳಿಗ್ಗೆ ಎಂಟಕ್ಕೆ ಮಾತಾಡುತ್ತದೆ. ಇಲ್ಲವಾದರೆ ಒಬ್ಬರು ಕನ್ನಡಿ ಹಿಡಿದು ಬಿಸಿಲನ್ನು ಪಕ್ಕದಿಂದ ಹಾಯಿಸಲಿ, ಅಥವಾ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿಗೆ ಒರಗಿಸಿದಂತೆ ಹಿಡಿಯಿರಿ. ದಿಕ್ಕು ಬದಲಿಸಿ ನಾಲ್ಕು ಫೋಟೋ ತೆಗೆದರೆ ಒಂದರಲ್ಲಿ ಕಾಣದ ಗೀರು ಇನ್ನೊಂದರಲ್ಲಿ ಏಳುತ್ತದೆ.

ಎರಿಹೊಲ

ಊರಿನಲ್ಲಿರುವ ತಮ್ಮ ನಿನ್ನೆ ರಾತ್ರಿ ಟಾರ್ಚ್ ಹಿಡಿದು ಎರಡು ಕಲ್ಲು ಓದಿ ಕಳಿಸಿದ್ದಾನೆ. ಅಕ್ಕಪಕ್ಕದಲ್ಲೇ ಇರುವ ಕಲ್ಲುಗಳು. ಒಂದರಲ್ಲಿ ‘ಶಕೆ 1840 ಕಾಳಯುಕ್ತಿ ಸಂ॥ ಆಶ್ವೀಜ’ ತನಕ ಸ್ಪಷ್ಟ, ಮುಂದೆ ಚಕ್ಕೆ ಎದ್ದಿದೆ. ಇನ್ನೊಂದರಲ್ಲಿ ಶಕೆ ಇಲ್ಲ, ‘ಕಾಳಯುಕ್ತಿ’ ಅಂತ ಮಾತ್ರ. ಇಸವಿ ಎಷ್ಟಾಯಿತು?

ಶಾಸನದ ಹುಚ್ಚು

ಶಕೆಗೆ 78 ಕೂಡಿಸಿ: 1918. ಕಾಳಯುಕ್ತಿ ಸಂವತ್ಸರ 1918ರ ಯುಗಾದಿಯಿಂದ 1919ರ ಯುಗಾದಿಯವರೆಗೆ, ಹಾಗಾಗಿ ಶಕೆ ಮತ್ತು ಸಂವತ್ಸರ ತಾಳೆ ಬಿದ್ದವು. ತಾಳೆ ನೋಡುವುದನ್ನು ತಪ್ಪಿಸಬೇಡಿ, ಕಲ್ಲುಕುಟಿಗರ ಕೈಯಲ್ಲಿ ಅಂಕಿ ಜಾರಿದ ಉದಾಹರಣೆ ಬೇಕಾದಷ್ಟಿವೆ. ಮಾಘ, ಫಾಲ್ಗುಣ ಮಾಸ ಇದ್ದರೆ 78ರ ಬದಲು 79, ಏಕೆಂದರೆ ಇಂಗ್ಲಿಷ್ ವರ್ಷ ಅಷ್ಟರಲ್ಲಿ ಬದಲಾಗಿರುತ್ತದೆ.

ಆಶ್ವೀಜ ಎಂದರೆ ಆ ವರ್ಷದ ಅಕ್ಟೋಬರ್. ಇನ್‌ಫ್ಲುಯೆಂಜಾ ಮುಂಬಯಿ ಆಧಿಪತ್ಯವನ್ನು ಬಾಚಿ ಒಯ್ದ ತಿಂಗಳುಗಳು ಸೆಪ್ಟೆಂಬರ್, ಅಕ್ಟೋಬರ್. ನಿಮ್ಮ ಭಾಗ ಆಗ ಅದೇ ಆಧಿಪತ್ಯದಲ್ಲಿತ್ತು. ಇಡೀ ಭಾರತದಲ್ಲಿ ಆ ಜ್ವರಕ್ಕೆ ಕೋಟಿಗೂ ಮೀರಿ ಜನ ಸತ್ತರು. ಹಾಗೆಂದು ‘ಇನ್‌ಫ್ಲುಯೆಂಜಾದಿಂದ ಸತ್ತರು’ ಎಂದು ಬರೆಯಬೇಡಿ. ಅದು ಮೂರನೆಯ ಕಾಲಮ್ಮಿಗೆ.

ಎರಡನೆಯ ಕಲ್ಲು ತೊಡಕಿನದು. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ. ಬರೀ ಕಾಳಯುಕ್ತಿ ಎಂದರೆ 1858, 1918, 1978 ಮೂರೂ ಆಗಬಹುದು. 1978ರದ್ದಾಗಿದ್ದರೆ ದೊಡ್ಡಪ್ಪನವರೇ ಕುಣಿ ತೋಡಿದವರಲ್ಲಿ ಒಬ್ಬರಾಗಿರುತ್ತಾರೆ, ಕೇಳಿ. ಉಳಿದೆರಡರಲ್ಲಿ ಯಾವುದು ಎಂಬುದಕ್ಕೆ ಅಕ್ಷರದ ರೂಪ, ಕಲ್ಲಿನ ಜಾತಿ, ಪಕ್ಕದ ಕಲ್ಲಿನ ಕೆತ್ತನೆ ನೋಡಬೇಕು. ಒಂದೇ ಕೈಯ ಕೆಲಸವೆಂದು ಕಂಡರೆ ಒಂದೇ ವರ್ಷ.

ಎರಿಹೊಲ

ದೊಡ್ಡಪ್ಪ ಹೇಳಿದ್ದು: ‘ಅವೆರಡೂ ನನ್ನ ಹುಟ್ಟಕಿಂತ ಮೊದಲಿನವು. ಗಂಡ-ಹೆಂಡ್ತಿ ಅಂತಿದ್ರು. ಒಂದ ವಾರದಾಗ ಇಬ್ಬರೂ ಹ್ವಾದ್ರಂತ.’ ಹೆಂಡತಿಯ ಹೆಸರು ಅವರಿಗೆ ಗೊತ್ತಿಲ್ಲ. ಮನೆಗೆ ಬರುವ ಹೆಳವರು ಸುಗ್ಗಿಯಲ್ಲಿ ಬಂದಾಗ ವಂಶಾವಳಿ ಹೇಳಿಸಿದೆವು; ಏಳು ತಲೆಮಾರು ನೀರು ಕುಡಿದಂತೆ ಹೇಳಿದರು. ಗಂಡಸರ ಹೆಸರೇ ಎಲ್ಲ. ಅದರಲ್ಲೂ ಮುತ್ಯಾನ ಹೆಸರು ಮೊಮ್ಮಗನಿಗೆ ಇಡುವ ಪದ್ಧತಿಯಿಂದಾಗಿ ಎರಡೇ ಹೆಸರು ಒಂದು ಬಿಟ್ಟು ಒಂದು ತಲೆಗೆ ಬರುತ್ತಿವೆ. ಯಾವ ಹೆಸರಿನವರು ಯಾವ ಗುಂಪಿಯಲ್ಲಿದ್ದಾರೋ.

ಬಾದಾಮಿ ಸೊಸಿ

ಅಣ್ಣಾರ, ಹೆಣಮಕ್ಕಳ ಹೆಸರು ಗಂಡನ ಮನ್ಯಾಗ ಕೇಳಿದ್ರ ಸಿಗಂಗಿಲ್ಲ. ನಮ್ಮ ಮಂದಿ ಮದುವಿ ಆದಕೂಡ್ಲೆ ಹೆಸರ ಬದಲಸ್ತಿದ್ರು, ಇಲ್ಲಾ ಊರಿನ ಹೆಸರಿಂದ ಕರೀತಿದ್ರು. ನನ್ನ ಅತ್ತಿಗೆ ಅವರ ಅತ್ತಿ ಹೆಸರು ಕೇಳಿದ್ರ ‘ಗುಳೇದಗುಡ್ಡದಾಕಿ’ ಅಂತಿದ್ರು. ಆಕಿ ತವರುಮನಿ ಹುಡಕ್ರಿ. ಅಲ್ಲಿ ಅಣ್ಣತಮ್ಮರ ಮೊಮ್ಮಕ್ಕಳು ಇರ್ತಾರ, ಅವರ ಮನ್ಯಾಗ ನಮ್ಮ ಮನಿಗೆ ಕೊಟ್ಟ ಹುಡುಗಿ ಹೆಸರು ಉಳಿದಿರತೈತಿ. ನಾನು ಹಿಂಗ ನಮ್ಮ ಮನಿ ಮೂರು ಹೆಣಮಕ್ಕಳ ಹೆಸರು ಹುಡುಕಿ ತಗದೆ. ಒಬ್ಬಾಕಿ ಹೆಸರು ಆಕಿ ತಮ್ಮನ ಮಗಳಿಗೆ ಇಟ್ಟಿದ್ರು.

ಇನ್ನೊಂದು, ಎಳೆಕೂಸುಗಳನ್ನ ಹಿರ್ಯಾರ ಸಾಲಿನಾಗ ಇಡ್ತಿರಲಿಲ್ಲ ನಮ್ಮಲ್ಲಿ. ಬದುವಿನ ಬನ್ನಿಗಿಡದ ಬುಡಕ್ಕ ಇಡ್ತಿದ್ರು. ಕಲ್ಲೂ ಇಲ್ಲ ಏನೂ ಇಲ್ಲ. ಅದನ್ನ ದೊಡ್ಡಪ್ಪಾರಿಗೆ ಕೇಳಬ್ಯಾಡ್ರಿ, ಗಂಡಸರಿಗೆ ನೆನಪಿರಂಗಿಲ್ಲ. ಮನ್ಯಾಗ ವಯಸ್ಸಾದ ಅಮ್ಮ ಯಾರರ ಇದ್ರ ಅವರ ಹಂತ್ಯಾಕ ಕುಂತು ಸಾವಕಾಶ ಕೇಳ್ರಿ. ಫೋನ್ ಮುಂದ ಹಿಡೀಬ್ಯಾಡ್ರಿ.

ಕಡ್ಡಿ ಮುರಿದಂಗ

ಎಲ್ಲರೂ ಉತ್ಸಾಹದಲ್ಲಿದ್ದೀರಿ, ನಾನು ತಣ್ಣೀರು ಎರಚುತ್ತೇನೆ. ಶರಣರು ಸ್ಥಾವರವನ್ನೇ ಬೇಡ ಅಂದರು, ನೀವು ಸ್ಥಾವರಕ್ಕೆ ನಂಬರ್ ಹಾಕುತ್ತಿದ್ದೀರಿ. ಅದಿರಲಿ. ದಾಯಾದಿಗಳಿರುವ ಹೊಲದಲ್ಲಿ ಯಾರ ಮುತ್ಯಾ ಎಲ್ಲಿದ್ದಾನೆ ಎಂದು ನಕಾಶೆ ಬರೆದರೆ ನಾಳೆ ಪರಿಹಾರದ ಹಣ ಬಂದಾಗ ಅದೇ ನಕಾಶೆ ಕೋರ್ಟಿಗೆ ಹೋಗುತ್ತದೆ. ‘ನಮ್ಮ ಕವಲಿನವರು ಇಷ್ಟು ಮಂದಿ ಇಲ್ಲಿದ್ದಾರೆ, ಹೊಲ ನಮ್ಮದು.’ ನಿಮ್ಮ ಅಣ್ಣತಮ್ಮಂದಿರೆಲ್ಲ ಒಪ್ಪಿದ್ದಾರಾ?

ಎರಿಹೊಲ

ಎಲ್ಲರೂ ಒಪ್ಪಿಲ್ಲ. ಒಬ್ಬ ಕಾಕಾನ ಮಕ್ಕಳು ನೀವು ಹೇಳಿದ್ದನ್ನೇ ಹೇಳುತ್ತಿದ್ದಾರೆ. ಇನ್ನೊಬ್ಬರ ಸಲಹೆ ಬೇರೆ: ಎಲ್ಲ ಗದ್ದುಗೆಗಳಿಂದ ಹಿಡಿ ಹಿಡಿ ಮಣ್ಣು ತಂದು, ಪುನರ್ವಸತಿ ಕೇಂದ್ರದ ಹತ್ತಿರ ಒಂದೇ ಗ್ರಾನೈಟ್ ಕಟ್ಟೆ ಕಟ್ಟಿ, ‘ಸಮಸ್ತ ಹಿರಿಯರು’ ಎಂದು ಬರೆಸಿ ಮುಗಿಸೋಣ ಅಂತ.

ಸರಪಳಿ ಮಾಸ್ತರ

ಕಡ್ಡಿ ಮುರಿದವ್ರ ಅಂಜಿಕಿ ಖರೇನ ಐತಿ, ಆದ್ರ ಅರ್ಧ. ಸಮಾಧಿ ಇದ್ದಮಾತ್ರಕ್ಕ ಮಾಲಕಿ ಹಕ್ಕು ಬರಂಗಿಲ್ಲ, ವಾಟ್ನಿ (ಪಾಲು) ಆಗೂದು ಪಹಣಿ, ಮ್ಯುಟೇಶನ್, ವಂಶಾವಳಿ ಮ್ಯಾಲೆ. ನಕಾಶಿ ಮಾಡೂ ಮುಂದ ಎಲ್ಲಾ ಕವಲಿನವ್ರೂ ಒಬ್ಬೊಬ್ಬರು ನಿಂತಿರ್ಲಿ, ಎಲ್ಲಾರೂ ಸಹಿ ಮಾಡ್ರಿ, ಎಲ್ಲಾರ ಮನ್ಯಾಗ ಒಂದೊಂದು ಪ್ರತಿ ಇರಲಿ. ಒಬ್ಬನ ಕೈಯಾಗ ಇದ್ರ ಅದು ಹತ್ಯಾರ, ಎಲ್ಲಾರ ಕೈಯಾಗ ಇದ್ರ ಕಾಗದ.

ಸರಕಾರಿ ದಾಖಲೆ ಮಾತು. 1966ರ ಭೂಕಂದಾಯ ನಿಯಮ 21(2)ರಾಗ ಖರಾಬು, ಅಂದ್ರ ಕಂದಾಯ ಹಾಕದ ಜಮೀನು, ಎರಡು ನಮೂನಿ. ಸಾಗುವಳಿಗೆ ಬಾರದ್ದು ‘ಎ’. ರಸ್ತೆ, ಹಳ್ಳ, ಸಮುದಾಯದ ಸ್ಮಶಾನ, ಇಂಥ ಸಾರ್ವಜನಿಕ ಉಪಯೋಗದ್ದು ‘ಬಿ’. ಒಂದು ಮನೆತನದ ಗದ್ದಿಗಿ ‘ಬಿ’ದಾಗ ಬರಂಗಿಲ್ಲ. ಬಹಳ ಹೊಲದಾಗ ಯಾವುದರಾಗೂ ಬಂದಿರಂಗಿಲ್ಲ, ಪಹಣಿದಾಗ ಪೂರಾ ಸಾಗುವಳಿ ಅಂತನ ಇರತೈತಿ. ಹಳೇ ಟಿಪ್ಪಣಿ (ಮೂಲ ಸರ್ವೆದ ಅಳತಿ ಹಾಳಿ) ನಕಲು ತಗಸಿ ನೋಡ್ರಿ. ಮೂಲ ಸರ್ವೆದವ್ರು ಒಮ್ಮೊಮ್ಮೆ ಗದ್ದಿಗಿ, ಗಿಡ, ಬಾವಿ ಗುರ್ತು ಹಾಕಿರ್ತಾರ. ಸರ್ವೆ ನಂಬರ್ ಹದ್ದು ಎಲ್ಲಿ ಬರತೈತಿ ಅಂತ ಹೊಲದಾಗ ನಿಂತು ಅಂದಾಜು ಮಾಡೂದಕ್ಕ ದಿಶಾಂಕ್ ಆ್ಯಪ್ ಸಾಕು, ಪಕ್ಕಾ ಅಳತಿಗೆ ಅಲ್ಲ.

ಭೂಸ್ವಾಧೀನದವ್ರು ಜಂಟಿ ಅಳತಿಗೆ ಬಂದ ದಿನ ಬಾವಿ, ಗಿಡ, ಪೈಪಲೈನ್ ಬರಸ್ತೀರಲ್ಲ, ಆವಾಗ ಪಂಚನಾಮಿದಾಗ ‘ಮನೆತನದ ಸಮಾಧಿಗಳು, ಇಷ್ಟು’ ಅಂತ ಬರಸ್ರಿ. ಬರಕೊಳ್ಳಲಿಲ್ಲ ಅಂದ್ರ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ತಗೋರಿ. 2013ರ ಭೂಸ್ವಾಧೀನ ಕಾಯ್ದೆದಾಗ ಸಾಮಾಜಿಕ ಪರಿಣಾಮದ ಅಧ್ಯಯನ ಮಾಡೂವಾಗ ಹೂಳೂ, ಸುಡೂ ಜಾಗಾನೂ ನೋಡಬೇಕು ಅಂತ ಐತಿ. ಮೂರನೇ ಅನುಸೂಚಿದಾಗ ಪುನರ್ವಸತಿ ಊರಿಗೆ ಆಯಾ ಸಮುದಾಯದ ಪದ್ಧತಿಗೆ ತಕ್ಕ ಸ್ಮಶಾನ ಕೊಡಬೇಕು ಅಂತ ಐತಿ. ಕೇಳಿದವ್ರಿಗೆ ಸಿಗತೈತಿ, ಸುಮ್ಮನಿದ್ದವ್ರಿಗೆ ಇಲ್ಲ.

ಐನ್‌ಮನೆ

ಕೊಡಗಿನಿಂದ. ನಮ್ಮಲ್ಲಿ ಪ್ರತಿ ಒಕ್ಕಕ್ಕೂ (ಮನೆತನಕ್ಕೂ) ತೂಟಂಗಳ, ಅಂದರೆ ಸ್ಮಶಾನ, ಬೇರೆ; ಕಾರಣವರಿಗೆ, ಅಂದರೆ ಮೂಲ ಹಿರಿಯರಿಗೆ, ಕೈಮಡ ಎಂಬ ಗುಡಿ ಬೇರೆ. ಕೈಮಡಕ್ಕೆ ವರ್ಷಕ್ಕೊಮ್ಮೆಯಾದರೂ ಎಲ್ಲರೂ ಸೇರುತ್ತಾರೆ, ಅದರಿಂದ ತೂಟಂಗಳದ ನೆನಪೂ ಉಳಿಯುತ್ತದೆ. ಗ್ರಾನೈಟ್ ಕಟ್ಟೆಗೆ ನನ್ನ ವಿರೋಧವಿಲ್ಲ, ಸೇರಲು ಒಂದು ಜಾಗ ಬೇಕು. ‘ಸಮಸ್ತ’ ಎನ್ನುವ ಪದಕ್ಕೆ ಮಾತ್ರ ವಿರೋಧ. ಗೊತ್ತಿರುವ ಹೆಸರುಗಳನ್ನಾದರೂ ಬರೆಸಿ.

ಹಿನ್ನೀರಿನಾಂವ

ನಮ್ಮೂರು ಮೊದಲನೇ ಸಲಕ್ಕ ಮುಳುಗಿದ್ದು. ಮನಿ ಬಿಡೂ ಗಡಿಬಿಡ್ಯಾಗ ಬಾಗಲಾ, ತೊಲಿ, ಹಂಚು ಎಲ್ಲಾ ಕಿತ್ಕೊಂಡು ಬಂದ್ವಿ. ಗದ್ದಿಗಿ ನೆನಪ ಯಾರಿಗೂ ಆಗಲಿಲ್ಲ. ಮೇ ತಿಂಗಳದಾಗ ನೀರು ಇಳದಾಗ ಹಳೇ ಊರ ಗುಡಿ, ಬಾವಿ ಕಾಣತಾವ. ಮೊದಲ ಮೊದಲ ನಮ್ಮಪ್ಪ ಹೋಗಿ ಗದ್ದಿಗಿಗೆ ಕಾಯಿ ಒಡದು ಬರ್ತಿದ್ದ. ಆಮ್ಯಾಲೆ ವರ್ಷಾ ವರ್ಷಾ ಹೂಳು ಕುಂತು ಸಣ್ಣ ಗುಂಪಿ ಎಲ್ಲಾ ಸಪಾಟ ಆದ್ವು, ಕಟ್ಟಿ ಇದ್ದ ಎರಡ ತುದಿ ಮಾತ್ರ ಕಾಣತಾವ. ಅಪ್ಪ ಈಗ ಇಲ್ಲ. ಆ ಎರಡು ಯಾರವು ಅಂತ ನನಗ ಗೊತ್ತಿಲ್ಲ.

ಕಟ್ಟಿ ಎತ್ತರ ಎಷ್ಟು ಅನ್ನೂದನ್ನೂ ಬರ್ಕೊಳ್ರಿ. ಮಾಸ್ತರ ಹೇಳಿದ ಎರಡು ಅಂಕಿ ಜೊತಿ ಮೂರನೇದು ಅದು. ಹೂಳು ಕುಂತಮ್ಯಾಲೆ ಎತ್ತರ ಇದ್ದದ್ದ ಗುರ್ತು.

ಶಾಸನದ ಹುಚ್ಚು

ಎತ್ತರ ನನಗೆ ಹೊಳೆದಿರಲಿಲ್ಲ, ಖಂಡಿತ ಸೇರಿಸಿ. ಜೊತೆಗೆ ಆಕಾರ. ಕೂರಿಸಿ ಮಣ್ಣು ಮಾಡಿದ ಸಮಾಧಿಯ ಮೇಲಿನ ಕಟ್ಟೆ ಸಾಮಾನ್ಯವಾಗಿ ಚೌಕ. ಉದ್ದನೆಯದು ಕಂಡರೆ ಅಲ್ಲಿ ಬೇರೆ ಪದ್ಧತಿ ಇದೆ, ವಿಚಾರಿಸಿ.

ಎರಿಹೊಲ

ನೀವು ಇದನ್ನು ಬರೆದದ್ದು ಒಳ್ಳೆಯದಾಯಿತು. ಜಾಲಿ ಅರ್ಧ ಕಡಿದಾಗ ಬಡಗಣ ತುದಿಯಲ್ಲಿ, ಸಾಲಿನಿಂದ ಸ್ವಲ್ಪ ಹೊರಗೆ, ಒಂದು ಉದ್ದನೆಯ ಗುಂಪಿ ಸಿಕ್ಕಿತು. ತಮ್ಮ ಅದನ್ನು ಬರೀ ಆಯ್ದು ಹಾಕಿದ ಕಲ್ಲು ಎಂದುಕೊಂಡಿದ್ದ. ದೊಡ್ಡಪ್ಪ ಬಹಳ ಹೊತ್ತು ಸುಮ್ಮನಿದ್ದು, ಅದು ಮನೆಯಲ್ಲಿ ದುಡಿಯುತ್ತಿದ್ದ ಆಳಿನದು ಎಂದರು. ಬೇರೆ ಜಾತಿಯವರು. ಅವರನ್ನು ಅಲ್ಲಿಡಲು ಊರಿನವರು ಒಪ್ಪಿರಲಿಲ್ಲವಂತೆ, ಮುತ್ಯಾ ಹಟ ಹಿಡಿದು ಇಟ್ಟರಂತೆ. ಈಗ ನಮ್ಮವರಲ್ಲಿ ಕೆಲವರು ‘ಅದೊಂದು ಪಟ್ಟಿಯಲ್ಲಿ ಬೇಡ, ಮನೆತನದ ಪಟ್ಟಿ ಇದು’ ಎನ್ನುತ್ತಿದ್ದಾರೆ.

ಕಡ್ಡಿ ಮುರಿದಂಗ

ನಾನು ಪಟ್ಟಿಯೇ ಬೇಡ ಅಂದವನು. ಮಾಡುವುದಾದರೆ ಅದನ್ನು ಬಿಟ್ಟು ಮಾಡಬೇಡಿ. ಆ ಮನುಷ್ಯ ಉತ್ತ ಹೊಲ ಅದು.

ಬಾದಾಮಿ ಸೊಸಿ

ಅವರ ಮಂದಿ ಊರಾಗ ಇದ್ರ ಮೊದಲ ಅವರಿಗೆ ತಿಳಿಸ್ರಿ ಅಣ್ಣಾರ. ಹೆಸರು ಬರೀಬೇಕೋ ಬ್ಯಾಡೋ ಅನ್ನೂದು ಅವರು ಹೇಳಬೇಕು, ನಿಮ್ಮ ಕಾಕಾನ ಮಕ್ಕಳಲ್ಲ.

ತೋಟದ್ಮನೆ

ಅಕ್ಕ ಹೇಳಿದ್ದು ಸರಿ. ಜಾಗದ ಅಳತೆಯಂತೂ ಹಾಕಿಬಿಡಿ. ಹೆಸರಿನ ಮಾತು ಅವರ ಹತ್ತಿರ ಕೇಳಿದ ಮೇಲೆ.

ಎರಿಹೊಲ

ಅವರ ಮೊಮ್ಮಗ ಇಳಕಲ್ಲಿನಲ್ಲಿದ್ದಾರೆ, ನಂಬರ್ ಸಿಕ್ಕಿದೆ. ಅಳತೆಯ ದಿನ ಬನ್ನಿ ಎಂದು ಕರೆದಿದ್ದೇನೆ, ಬರುತ್ತೇನೆ ಎಂದಿದ್ದಾರೆ. ಒಪ್ಪದ ಕಾಕಾನ ಮಕ್ಕಳೂ ‘ಬಂದು ನಿಂತಿರ್ತೀವಿ, ಸಹಿ ಆಮೇಲೆ ನೋಡೋಣ’ ಎನ್ನುವ ಮಟ್ಟಕ್ಕೆ ಬಂದಿದ್ದಾರೆ. ಪ್ರತಿ ಸಮಾಧಿಗೆ ಒಂದು ಹಾಳೆ ಮಾಡುತ್ತಿದ್ದೇನೆ: ಮೇಲೆ ಸಂಖ್ಯೆ ಮತ್ತು ಮೂರು ಅಳತೆ, ಕೆಳಗೆ ಕಲ್ಲು ಹೇಳಿದ್ದು, ಜನ ಹೇಳಿದ್ದು, ನಮ್ಮ ಊಹೆ. ಬನ್ನಿಗಿಡಕ್ಕೂ ಒಂದು ಹಾಳೆ ಇದೆ. ಅಮ್ಮ ಅದರ ಬಗ್ಗೆ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಯಾವುದನ್ನೂ ಅಂತರ್ಜಾಲಕ್ಕೆ ಹಾಕುತ್ತಿಲ್ಲ, ಕವಲಿಗೊಂದು ಪ್ರತಿ ಅಷ್ಟೇ.

ಮಾಸ್ತರ, ಏಪ್ರಿಲ್ ಕೊನೆಗೆ ಇಟ್ಟುಕೊಳ್ಳೋಣವೇ? ತಮ್ಮ ನೂರು ಫೂಟಿನ ಬಟ್ಟೆ ಟೇಪ್ ತಂದಿದ್ದಾನೆ.

ಸರಪಳಿ ಮಾಸ್ತರ

ಬರ್ತೀನ್ರಿ. ಬಟ್ಟಿ ಟೇಪ್ ಮನ್ಯಾಗ ಇಟ್ಟ ಬರ್ರಿ, ಜಗ್ಗಿದ್ರ ಹಿಗ್ಗತೈತಿ ಅದು. ನನ್ನ ಹಂತ್ಯಾಕ ಸ್ಟೀಲಿಂದು ಐತಿ. ಮುಂಜಾನಿ ಆರಕ್ಕ ಹೊಲದಾಗ ಇರೂಣು, ಹನ್ನೊಂದಾದ್ರ ಕಲ್ಲು ಮುಟ್ಟಾಕ ಆಗಂಗಿಲ್ಲ.